ಬ್ರೇಕ್ ಯಾಕೆ ಹಾಕಿದ್ರಿ ಅಂತ ಕೇಳಬೇಡಿ

ಬಳ್ಳಾರಿ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ, ಸಾರಿಗೆ ಅಧಿಕಾರಿಗಳಿಗೆ, ಮತ್ತು ಬಳ್ಳಾರಿ–ಹೊಸಪೇಟೆ ರಸ್ತೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ,

ನಮಸ್ಕಾರ.

ನಾನು ಕುಡತಿನಿ ಆಚೆ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ಮನೆ ಬಳ್ಳಾರಿಯಲ್ಲಿ. ಹನ್ನೊಂದು ವರ್ಷದಿಂದ ದಿನಾ ಇದೇ ರಸ್ತೆಯಲ್ಲಿ ಹೋಗಿ ಬರುತ್ತಿದ್ದೇನೆ. ಮೊದಲ ಆರು ವರ್ಷ ಸ್ಕೂಟಿಯಲ್ಲಿ, ಆಮೇಲೆ ಒಂದು ಹಳೆ ಕಾರಿನಲ್ಲಿ. ಈಗ ಇದು ರಾಷ್ಟ್ರೀಯ ಹೆದ್ದಾರಿ 67. ನಮ್ಮ ಕಡೆ ಹಳಬರು ಈಗಲೂ ಅರವತ್ಮೂರು ಅಂತಲೇ ಕರೀತಾರೆ.

ಹೋದ ವರ್ಷ ಒಂದು ಶನಿವಾರ ಬೆಳಿಗ್ಗೆ ಅವ್ವನನ್ನೂ ಕಾರಿನಲ್ಲಿ ಕೂಡಿಸಿಕೊಂಡು ಹೊರಟಿದ್ದೆ. ಶಾಲೆ ಮುಗಿಸಿಕೊಂಡು ಹಾಗೇ ಹುಲಿಗಿಗೆ ಹೋಗಿ ಹುಲಿಗೆಮ್ಮನ ದರ್ಶನ ಮಾಡಿಕೊಂಡು ಬರೋಣ ಅಂತ. ಊರು ದಾಟಿದಾಗಿನಿಂದ ಒಂದು ಸಣ್ಣ ಗೂಡ್ಸ್ ಗಾಡಿ ನಮ್ಮ ಬೆನ್ನಿಗೇ ಬಿದ್ದಿತ್ತು. ಎಷ್ಟು ಹತ್ತಿರ ಅಂದರೆ, ಅದರ ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣು, ಮೆಣಸಿನಕಾಯಿ ನನ್ನ ಕನ್ನಡಿಯಲ್ಲಿ ಕಾಣುತ್ತಿರಲಿಲ್ಲ. ಬರೀ ಗಾಜು, ಗಾಜಿನ ಮೇಲೆ ಬರೆಸಿದ್ದ ದೇವರ ಹೆಸರು ಮಾತ್ರ ಕಾಣುತ್ತಿತ್ತು. ಕನ್ನಡಿಯಲ್ಲಿ ಆ ಅಕ್ಷರ ತಿರುಗಾಮುರುಗಾ. ಅವ್ವ ಒಂದೆರಡು ಸಲ ಹಿಂದೆ ತಿರುಗಿ ನೋಡಿದಳು. ‘ಅವ್ನಿಗೆ ಮುಂದ ಹೋಗಾಕ ಬಿಡವಾ’ ಅಂದಳು. ಎದುರಿಗೆ ಸಾಲಾಗಿ ಲಾರಿ ಬರುತ್ತಿದ್ದವು. ಬಿಡಲಿಕ್ಕೆ ಜಾಗ ಇರಲಿಲ್ಲ.

ಒಂದು ಕಡೆ ಕುರಿ ಹಿಂಡು ರಸ್ತೆಗೆ ಏರಿತು. ನಾನು ದೂರದಿಂದಲೇ ನೋಡಿದ್ದೆ. ಕಾಲು ಎತ್ತಿ ನಿಧಾನ ಮಾಡಿದೆ, ಆಮೇಲೆ ಬ್ರೇಕ್ ಒತ್ತಿದೆ. ನನ್ನ ಕಾರು ಕುರಿಗಳಿಂದ ಹತ್ತು ಹೆಜ್ಜೆ ಹಿಂದೆಯೇ ನಿಂತಿತು. ಹಿಂದಿನ ಗಾಡಿ ನಿಲ್ಲಲಿಲ್ಲ.

ನನ್ನ ಕಾರಿನ ಹಿಂದಿನ ಡಿಕ್ಕಿ ನುಗ್ಗಾಗಿ ಒಳಗೆ ಹೋಯಿತು. ಹಿಂದಿನ ಗಾಜು ಪುಡಿಪುಡಿ. ಅವ್ವನ ತಲೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು, ಅಷ್ಟೇ. ರಕ್ತ ಇಲ್ಲ, ಗಾಯ ಇಲ್ಲ. ಆದರೆ ಎರಡೂವರೆ ತಿಂಗಳು ಅವಳು ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ಕೂತಳು. ಈಗಲೂ ರೊಟ್ಟಿ ಬಡಿಯಲು ಬಗ್ಗಿದರೆ ಎಡಭುಜ ಹಿಡಿಯುತ್ತದೆ ಅಂತಾಳೆ. ನಲವತ್ತು ವರ್ಷ ದಿನಾ ರೊಟ್ಟಿ ಬಡಿದ ಕೈ ಅದು.

ನಾನು ಈ ಪತ್ರ ಬರೆಯಲು ಕಾರಣ ಆ ಗುದ್ದು ಅಲ್ಲ. ಗುದ್ದಿದ ಮೇಲೆ ಆದ ಮಾತು. ಆ ಹುಡುಗ ಗಾಡಿ ಇಳಿದು ಬಂದವನೇ ಕೇಳಿದ: ‘ಯಾಕ್ರೀ ಮೇಡಂ, ಹಂಗ ಒಮ್ಮಿಗೇ ಬ್ರೇಕ್ ಹಾಕಿದ್ರೆ ನಾವೇನ್ ಮಾಡ್ಬೇಕ್ರಿ?’ ಸುತ್ತ ಸೇರಿದ ಜನರೂ ಅದನ್ನೇ ಕೇಳಿದರು. ಠಾಣೆಯಲ್ಲಿ ಬರೆದುಕೊಳ್ಳುತ್ತಿದ್ದವರೂ ಮೊದಲು ಅದನ್ನೇ ಕೇಳಿದರು. ಮನೆಗೆ ನೋಡಲು ಬಂದ ನೆಂಟರೂ. ‘ನೀನ್ಯಾಕೆ ಬ್ರೇಕ್ ಹಾಕಿದೆ?’ ಎಲ್ಲರ ಬಾಯಲ್ಲೂ ಇದೊಂದೇ ಪ್ರಶ್ನೆ. ‘ನೀನ್ಯಾಕಪ್ಪಾ ಅಷ್ಟು ಹತ್ತಿರ ಇದ್ದೆ?’ ಅಂತ ಆ ಹುಡುಗನನ್ನು ಒಬ್ಬರೂ ಕೇಳಲಿಲ್ಲ. ಕುರಿ ಕಾಯುವ ಅಜ್ಜ ಒಬ್ಬನೇ, ಕೋಲು ಊರಿಕೊಂಡು ನಿಂತು, ‘ಅಷ್ಟ್ ಹಿಂದ ಹತ್ತಿದ್ರ ಹೆಂಗ ನಿಂದ್ರತೈತಿ ತಮ್ಮಾ’ ಅಂದ. ನಮ್ಮ ಕಾನೂನು ಹೇಳುವ ಮಾತೂ ಅಜ್ಜ ಹೇಳಿದ್ದೇ.

1989ರ ರಸ್ತೆ ನಿಯಮಾವಳಿಯಲ್ಲಿ ಎರಡು ನಿಯಮ ಅಕ್ಕಪಕ್ಕ ಇದ್ದವು. 23ನೆಯದು: ಮುಂದಿನ ಗಾಡಿ ತಟ್ಟನೆ ನಿಧಾನ ಆದರೂ, ನಿಂತರೂ ಗುದ್ದದಷ್ಟು ಅಂತರ ಹಿಂದಿನವರು ಇಟ್ಟುಕೊಂಡಿರಬೇಕು. 24ನೆಯದು: ಸುರಕ್ಷತೆಗೆ ಬೇಕಾದಾಗ ಬಿಟ್ಟು ಸುಮ್ನೆ ಯಾರೂ ಒಮ್ಮೆಲೇ ಬ್ರೇಕ್ ಹಾಕಬಾರದು. 2017ರಲ್ಲಿ ಬಂದ ಹೊಸ ನಿಯಮಾವಳಿಯೂ ಅಂತರ ಇಟ್ಟುಕೊಳ್ಳಿ ಅಂತಲೇ ಹೇಳುತ್ತದೆ. ನಮ್ಮ ರಸ್ತೆಯಲ್ಲಿ 24 ಎಲ್ಲರಿಗೂ ಗೊತ್ತು. 23 ಯಾರಿಗೂ ಗೊತ್ತಿಲ್ಲ.

ಸುಪ್ರೀಂ ಕೋರ್ಟ್ ಮುಂದೆಯೂ ಈ ಮಾತು ಹೋಗಿದೆ. 2018ರ ಒಂದು ತೀರ್ಪಿನಲ್ಲಿ, ಟ್ರಕ್ಕಿನ ಹಿಂದೆ ಹತ್ತು–ಹದಿನೈದು ಅಡಿ ಅಂತರದಲ್ಲಿ ಬರುತ್ತಿದ್ದ ಕಾರಿನ ಪ್ರಕರಣ ಇತ್ತು. ಅಷ್ಟು ಅಂತರ ಸಾಲದು ಅಂತ ಕೋರ್ಟ್ ಹೇಳಿತು. 2025ರ ಜುಲೈನಲ್ಲಿ ಇನ್ನೊಂದು ತೀರ್ಪು ಬಂತು. ಅದರಲ್ಲಿ ಹೆದ್ದಾರಿಯಲ್ಲಿ ಸೂಚನೆ ಕೊಡದೆ ತಟ್ಟನೆ ಕಾರು ನಿಲ್ಲಿಸಿದವನ ಮೇಲೆ ಹೆಚ್ಚಿನ ತಪ್ಪು ಹೊರಿಸಿದರು. ಅದು ಸರಿಯೇ. ಆದರೆ ಅಲ್ಲೂ, ಅಂತರ ಇಟ್ಟುಕೊಳ್ಳದೆ ಹಿಂದೆ ಬಂದ ಬೈಕಿನ ಹುಡುಗನ ಪಾಲಿಗೆ ನೂರಕ್ಕೆ 20ರಷ್ಟು ತಪ್ಪು ಬಂತು. ಅವನು ಕಾಲು ಕಳಕೊಂಡಿದ್ದ. ಅಂಥವನನ್ನೂ ಕೋರ್ಟ್ ಈ ಪ್ರಶ್ನೆ ಕೇಳದೆ ಬಿಡಲಿಲ್ಲ. ನಮ್ಮ ಠಾಣೆಗಳಲ್ಲಿ ಯಾಕೆ ಕೇಳುವುದಿಲ್ಲ?

ಇದು ನನ್ನೊಬ್ಬಳ ಗೋಳು ಅಂತ ತಿಳಿಯಬೇಡಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿಯ ಪ್ರಕಾರ ಆ ವರ್ಷ ದೇಶದಲ್ಲಿ 4,61,312 ಅಪಘಾತ ಆದವು. 1,68,491 ಜನ ಸತ್ತರು. ಯಾವ ಬಗೆಯ ಅಪಘಾತ ಅಂತ ವಿಂಗಡಿಸಿದರೆ ಎಲ್ಲಕ್ಕಿಂತ ಜಾಸ್ತಿ ಇರುವುದು ಹಿಂದಿನಿಂದ ಗುದ್ದಿದ್ದು. ಐದರಲ್ಲಿ ಒಂದಕ್ಕಿಂತ ಹೆಚ್ಚು.

ಅವ್ವ ಪಟ್ಟಿ ಹಾಕಿಕೊಂಡಿದ್ದ ದಿನಗಳಲ್ಲಿ ನಾನು ಒಂಬತ್ತನೇ ತರಗತಿ ಮಕ್ಕಳನ್ನು ಮೈದಾನಕ್ಕೆ ಕರಕೊಂಡು ಹೋದೆ. ಬೋರ್ಡಿನ ಮೇಲೆ ಲೆಕ್ಕ ಬರೆದರೆ ಯಾರಿಗೂ ತಲೆಗೆ ಹೋಗಲ್ಲ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಎಷ್ಟು? 16 ಮೀಟರಿಗಿಂತ ಜಾಸ್ತಿ. ಕಬಡ್ಡಿ ಅಂಕಣದ ಉದ್ದ 13 ಮೀಟರ್. ಅಂದರೆ ನೀವು ‘ಕಬಡ್ಡಿ ಕಬಡ್ಡಿ’ ಅಂತ ಒಂದು ಸಲ ಹೇಳಿ ಮುಗಿಸುವುದರೊಳಗೆ ಗಾಡಿ ಇಡೀ ಅಂಕಣ ದಾಟಿ ಆಚೆ ಹೋಗಿರುತ್ತದೆ. ಮುಂದಿನ ಗಾಡಿಯ ಕೆಂಪು ದೀಪ ಕಂಡು, ಅದು ತಲೆಗೆ ಹೋಗಿ, ಕಾಲು ಎಕ್ಸಲೇಟರ್ ಬಿಟ್ಟು ಬ್ರೇಕಿನ ಮೇಲೆ ಬರಲು ಹುಷಾರಾಗಿರುವ ಮನುಷ್ಯನಿಗೂ ಒಂದು, ಒಂದೂವರೆ ಸೆಕೆಂಡ್ ಬೇಕು. ಒಂದೂವರೆ ಸೆಕೆಂಡಿಗೆ 25 ಮೀಟರ್. ಖೋಖೋ ಅಂಕಣ 27 ಮೀಟರ್. ಬ್ರೇಕ್ ಇನ್ನೂ ಹಿಡಿದೇ ಇಲ್ಲ, ಹೆಚ್ಚುಕಡಿಮೆ ಒಂದು ಖೋಖೋ ಅಂಕಣ ಮುಗಿಯಿತು. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಒಳ್ಳೆ ಟೈರಿನ ಕಾರು ನಿಲ್ಲಲು ಇನ್ನೂ 20 ಮೀಟರ್ ಬೇಕು. ಮಕ್ಕಳು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಓಡಿ, ಸುಣ್ಣದಲ್ಲಿ ಗೆರೆ ಹಾಕಿ, ಅಷ್ಟುದ್ದವನ್ನು ನೋಡಿ ಸುಮ್ಮನೆ ನಿಂತರು. ಒಬ್ಬ ಹುಡುಗ, ಅವನ ಅಪ್ಪ ಲಾರಿ ಡ್ರೈವರ್, ‘ಮಿಸ್, ನಮ್ಮಪ್ಪಂದು ಲೋಡ್ ಗಾಡಿ, ಅದಕ್ಕ ಇನ್ನೂ ಬೇಕಲ್ರಿ?’ ಅಂದ. ಹೌದು, ಇನ್ನೂ ಬೇಕು.

ಆ ಹುಡುಗನ ಅಪ್ಪನ ಹತ್ತಿರ ಆಮೇಲೆ ಮಾತಾಡಿದೆ. ಅವರು ತೋರಣಗಲ್ಲಿನಿಂದ ಉಕ್ಕಿನ ಕಾಯಿಲ್, ಅಂದರೆ ಸುರುಳಿ ಸುತ್ತಿದ ಉಕ್ಕಿನ ತಗಡು, ಸಾಗಿಸುತ್ತಾರೆ. ಒಂದೊಂದು ಕಾಯಿಲ್ ಎಷ್ಟೋ ಟನ್ ತೂಗುತ್ತದೆ. ಅದನ್ನು ಚೈನು ಹಾಕಿ ಬಿಗಿದಿರುತ್ತಾರೆ. ಅವರು ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ: ‘ನಾವು ಜೋರಾಗಿ ಬ್ರೇಕ್ ಹೊಡದ್ರ ಚೈನ್ ಹರದು ಕಾಯಿಲ್ ಕ್ಯಾಬಿನ್ನಿಗೇ ಬರತೈತ್ರಿ. ಅದಕ್ಕ ನಮಗ ಬ್ರೇಕ್ ಹೊಡಿಯಾಕ ಕಾಲೇ ಬರಂಗಿಲ್ಲ.’ ಇಂಥ ಗಾಡಿ ನಿಮ್ಮ ಸ್ಕೂಟಿಯ ಹಿಂದೆ ಹತ್ತು ಅಡಿಯಲ್ಲಿ ಇದೆ ಅಂತ ಯೋಚನೆ ಮಾಡಿ. ಅದರ ಬ್ರೇಕ್ ಗಾಳಿ ಒತ್ತಡದ್ದು. ಪೆಡಲ್ ತುಳಿದ ಮೇಲೆ ಗಾಳಿ ಪೈಪಿನಲ್ಲಿ ಹರಿದು ಹಿಂದಿನ ಚಕ್ರ ಮುಟ್ಟಬೇಕು. ಅದಕ್ಕೂ ಅರೆಕ್ಷಣ ಹೋಗುತ್ತದೆ.

ಡ್ರೈವರುಗಳನ್ನು ಬೈಯಲು ನಾನು ಈ ಪತ್ರ ಬರೆಯುತ್ತಿಲ್ಲ. ಟ್ರಿಪ್ ಲೆಕ್ಕದಲ್ಲಿ ದುಡಿಯುವ ಮನುಷ್ಯನಿಗೆ ಸಮಯವೇ ದುಡ್ಡು. ಲೋಡಿಂಗಿಗೆ ಸಾಲಿನಲ್ಲಿ ಗಂಟೆಗಟ್ಟಲೆ ನಿಂತು, ಹೋದ ಆ ಹೊತ್ತನ್ನು ರಸ್ತೆಯ ಮೇಲೆ ವಾಪಸ್ ಪಡೆಯಲು ನೋಡುತ್ತಾರೆ. ಆದರೆ ಅಂಟಿಕೊಂಡು ಬಂದರೆ ಸಿಗುವುದು ಎಷ್ಟು? ಇದನ್ನೂ ಮಕ್ಕಳೇ ಲೆಕ್ಕ ಹಾಕಿದರು. 60ರ ವೇಗದಲ್ಲಿ 5 ಮೀಟರ್ ಹಿಂದೆ ಬರುವವನಿಗೂ 33 ಮೀಟರ್ ಹಿಂದೆ ಬರುವವನಿಗೂ ಇರುವ ವ್ಯತ್ಯಾಸ 28 ಮೀಟರ್. ಅದನ್ನು ದಾಟಲು ಎರಡು ಸೆಕೆಂಡೂ ಬೇಡ. ಬಳ್ಳಾರಿಯಿಂದ ತೋರಣಗಲ್ಲಿನ ತನಕ ಒಂದೇ ಗಾಡಿಯ ಬಾಲ ಹಿಡಿದು ಬಂದರೂ ನೀವು ಎರಡು ಸೆಕೆಂಡ್ ಮೊದಲು ಕೂಡ ಮುಟ್ಟುವುದಿಲ್ಲ. ‘ಜಾಗ ಬಿಟ್ರೆ ಮಧ್ಯ ಇನ್ನೊಬ್ಬ ತೂರ್ತಾನೆ’ ಅಂತ ಎಲ್ಲರೂ ಹೇಳುತ್ತಾರೆ. ತೂರಲಿ ಬಿಡಿ. ನೀವು ಮತ್ತೆ ಸ್ವಲ್ಪ ಹಿಂದೆ ಸರಿಯಿರಿ. ಹತ್ತು ಜನ ತೂರಿದರೂ ಹೋಗುವುದು ಇಪ್ಪತ್ತು ಸೆಕೆಂಡ್. ಕುಡತಿನಿಯಲ್ಲಿ ಒಂದು ಚಹಾ ಕುಡಿಯಲು ನಿಂತರೆ ಅದಕ್ಕಿಂತ ಎಷ್ಟೋ ಪಟ್ಟು ಹೋಗುತ್ತದೆ.

ಅಂತರ ಅಳೆಯಲು ಟೇಪು ಬೇಡ. ಮುಂದಿನ ಗಾಡಿ ಒಂದು ಕಂಬವನ್ನೋ ಬೇವಿನ ಮರವನ್ನೋ ದಾಟಿದ ಕೂಡಲೇ ನಿಧಾನಕ್ಕೆ ‘ಎಪ್ಪತ್ತೊಂದು, ಎಪ್ಪತ್ತೆರಡು’ ಅಂತ ಎಣಿಸಿ. ನಮ್ಮ ಮಕ್ಕಳು ಗಡಿಯಾರ ಹಿಡಿದು ನೋಡಿದ್ದಾರೆ, ಅವಸರ ಮಾಡದೆ ಹೇಳಿದರೆ ಒಂದೊಂದಕ್ಕೆ ಸುಮಾರು ಒಂದು ಸೆಕೆಂಡ್. ಎಪ್ಪತ್ತೆರಡು ಮುಗಿಯುವ ಮೊದಲೇ ನೀವು ಆ ಮರ ಮುಟ್ಟಿದರೆ ಹತ್ತಿರ ಇದ್ದೀರಿ ಅಂತ ಅರ್ಥ. ಮಳೆ ಬಂದರೆ, ಕತ್ತಲಾದರೆ, ಅದಿರು ಲಾರಿಯ ಕೆಂಪು ಧೂಳು ಎದ್ದರೆ ಎಪ್ಪತ್ತನಾಲ್ಕರ ತನಕ ಎಣಿಸಿ. ಲೋಡ್ ಗಾಡಿಯವರು ಯಾವಾಗಲೂ ಎಪ್ಪತ್ತನಾಲ್ಕು.

ಇನ್ನೊಂದು ಮಾತು, ಸಂಜೆ ಬಳ್ಳಾರಿ ಕಡೆ ಬರುವವರಿಗೆ. ಆಗ ಸೂರ್ಯ ನಮ್ಮ ಬೆನ್ನ ಹಿಂದೆ ಇರುತ್ತಾನೆ. ಇಳಿಬಿಸಿಲು ನೇರ ಮುಂದಿನ ಗಾಡಿಯ ಹಿಂದಿನ ದೀಪದ ಮೇಲೆ ಬೀಳುತ್ತದೆ. ಕೆಂಪು ಗಾಜು ಬಿಸಿಲಿಗೇ ಹೊಳೆಯುತ್ತಾ ಇರುತ್ತದೆ, ಬ್ರೇಕ್ ದೀಪ ಹತ್ತಿತೋ ಇಲ್ಲವೋ ತಿಳಿಯುವುದೇ ಇಲ್ಲ. ಕಣ್ಣಿಗೆ ಬಿಸಿಲು ಹೊಡೆಯುತ್ತಿಲ್ಲ, ಎಲ್ಲಾ ಚೆನ್ನಾಗಿ ಕಾಣುತ್ತಿದೆ ಅಂತ ನಾವು ಧೈರ್ಯವಾಗಿ ಹತ್ತಿರ ಹೋಗುತ್ತೇವೆ. ನಾನೂ ಎಷ್ಟೋ ಸಲ ಹೋಗಿದ್ದೇನೆ. ಆ ಹೊತ್ತಿನಲ್ಲಿ ದೀಪ ನಂಬಬೇಡಿ, ಅಂತರ ನಂಬಿ.

ಇನ್ನು ನಿಮ್ಮ ಹಿಂದೆ ಯಾರಾದರೂ ಅಂಟಿಕೊಂಡು ಬರುತ್ತಿದ್ದರೆ. ನನ್ನ ವಿದ್ಯಾರ್ಥಿನಿಯರು ಈಗ ಸ್ಕೂಟಿ ಓಡಿಸುತ್ತಾರೆ, ಈ ಮಾತು ಅವರಿಗೂ ಇರಲಿ. ಹೆದರಿ ವೇಗ ಹೆಚ್ಚಿಸಬೇಡಿ. ನೀವು ಜೋರಾದರೆ ಅವನೂ ಜೋರಾಗಿ ಅಷ್ಟೇ ಹತ್ತಿರ ಬರುತ್ತಾನೆ, ಅಂತರ ಅಷ್ಟೇ ಇರುತ್ತದೆ, ಪೆಟ್ಟು ಮಾತ್ರ ದೊಡ್ಡದಾಗುತ್ತದೆ. ಸಿಟ್ಟಿಗೆ ‘ತೋರಿಸ್ತೀನಿ ಇರು’ ಅಂತ ಬ್ರೇಕ್ ತುಳಿಯಬೇಡಿ. ಹಿಂದೆ ಇರುವುದು ಕಾಯಿಲ್ ಗಾಡಿ ಆಗಿದ್ದರೆ ಪಾಠ ಕಲಿಸಲು ನೀವೇ ಇರುವುದಿಲ್ಲ. ಮೊದಲು ನಿಮ್ಮ ಮುಂದಿನ ಗಾಡಿಯಿಂದ ಇನ್ನೂ ಹಿಂದೆ ಸರಿಯಿರಿ. ಎಪ್ಪತ್ತೆರಡು ಇದ್ದದ್ದನ್ನು ಎಪ್ಪತ್ತನಾಲ್ಕು ಮಾಡಿ. ಇದು ತಲೆಕೆಳಗಾಗಿ ಕಾಣಬಹುದು, ಅಲ್ವಾ? ಆದರೆ ಮುಂದೆ ಜಾಗ ಇದ್ದರೆ ನೀವು ನಿಧಾನಕ್ಕೆ ಬ್ರೇಕ್ ಒತ್ತಬಹುದು. ನೀವು ನಿಧಾನಕ್ಕೆ ನಿಂತರೆ ಹಿಂದಿನವನಿಗೂ ನಿಲ್ಲಲು ಸಮಯ ಸಿಗುತ್ತದೆ. ಅವನು ಬಿಟ್ಟುಕೊಳ್ಳದ ಜಾಗವನ್ನು ನೀವು ಮುಂದೆ ಬಿಟ್ಟುಕೊಡುತ್ತಿದ್ದೀರಿ. ಹಂಪ್ ಬರುವ ಮುಂಚೆ ಬ್ರೇಕನ್ನು ಹಗುರಾಗಿ ಎರಡು ಸಲ ಮುಟ್ಟಿ, ಹಿಂದಿನವನಿಗೆ ದೀಪ ಕಾಣಲಿ. ಜಾಗ ಸಿಕ್ಕ ಕಡೆ ಎಡಗಡೆ ಇಂಡಿಕೇಟರ್ ಹಾಕಿ ದಾರಿ ಬಿಡಿ. ಅವನು ಹೋದರೆ ಹೋಗಲಿ. ಆದರೂ ಬೆನ್ನು ಬಿಡದಿದ್ದರೆ ಪೆಟ್ರೋಲ್ ಬಂಕ್, ಧಾಬಾ, ಜನ ಇರುವ ಜಾಗ ನೋಡಿ ಒಳಗೆ ತಿರುಗಿಸಿ. ಸುಮ್ಮಸುಮ್ಮನೆ ಹಿಂದೆ ಬಿದ್ದಿದ್ದಾನೆ ಅನ್ನಿಸಿದರೆ 112ಕ್ಕೆ ಫೋನ್ ಮಾಡಿ.

ಬೈಕಿನ ಹುಡುಗರಿಗೆ ಬೇರೆಯೇ ಮಾತು ಹೇಳಬೇಕು. ನೀವು ಗಾಳಿ ತಪ್ಪಿಸಿಕೊಳ್ಳಲು ಲಾರಿಯ ಹಿಂದೆ ಅಂಟುತ್ತೀರಿ. ಅಲ್ಲಿ ಆರಾಮ ಅನ್ನಿಸುತ್ತದೆ, ನಿಜ. ಆದರೆ ಅಲ್ಲಿಂದ ನಿಮಗೆ ರಸ್ತೆ ಕಾಣಲ್ಲ, ಡ್ರೈವರಿಗೆ ನೀವು ಕಾಣಲ್ಲ. ಅವರ ಎರಡು ಕನ್ನಡಿಯಲ್ಲೂ ನೀವಿಲ್ಲ. ಮುಂದೆ ಗುಂಡಿ ಬಂದು ಲಾರಿ ನಿಂತರೆ ನಿಮ್ಮ ಎದೆಯ ಎತ್ತರಕ್ಕೆ ಅದರ ಹಿಂದಿನ ಕಬ್ಬಿಣ ಇರುತ್ತದೆ. ದಯವಿಟ್ಟು ಅಲ್ಲಿ ಇರಬೇಡಿ ತಮ್ಮಂದಿರಾ.

ಈಗ ಮಾನ್ಯ ಅಧಿಕಾರಿಗಳಲ್ಲಿ ನನ್ನ ಕೇಳಿಕೆ.

ಹಿಂದಿನಿಂದ ಗುದ್ದಿದ ಯಾವುದೇ ಪ್ರಕರಣ ಠಾಣೆಗೆ ಬಂದರೂ ಮೊದಲ ಪ್ರಶ್ನೆ ಬದಲಾಗಲಿ. ‘ನೀವು ಎಷ್ಟು ದೂರದಲ್ಲಿದ್ರಿ?’ ಅಂತ ಹಿಂದಿನ ಗಾಡಿಯವರನ್ನು ಕೇಳಿ, ಅವರ ಉತ್ತರವನ್ನು ಬರೆದುಕೊಳ್ಳಿ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ದುಡ್ಡು ಬೇಡ. ಒಂದು ಸುತ್ತೋಲೆ ಸಾಕು. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಉಳಿದದ್ದು ಆಗದಿದ್ದರೂ ಇದೊಂದು ಆಗಲಿ.

ಹೆಲ್ಮೆಟ್ ಇಲ್ಲದವರಿಗೆ, ಸೀಟ್ ಬೆಲ್ಟ್ ಹಾಕದವರಿಗೆ ದಂಡ ಬೀಳುವುದನ್ನು ನೋಡಿದ್ದೇನೆ. ಅಂತರ ಇಡದ್ದಕ್ಕೆ ದಂಡ ಬಿದ್ದದ್ದನ್ನು ಈ ಹನ್ನೊಂದು ವರ್ಷದಲ್ಲಿ ಒಂದು ಸಲವೂ ನೋಡಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆಗೆ ಶಿಕ್ಷೆ ಇಟ್ಟಿದೆ. ಲೋಡ್ ಗಾಡಿ ಸ್ಕೂಟಿಯ ಬೆನ್ನಿಗೆ ಬಿದ್ದು ಹಾರ್ನ್ ಹೊಡೆಯುತ್ತಾ ಬರುವುದು ಅಪಾಯಕಾರಿ ಅಲ್ಲದಿದ್ದರೆ ಇನ್ನು ಯಾವುದು? ತಿಂಗಳಿಗೆ ನಾಲ್ಕು ದಿನ ಇದಕ್ಕೆಂದೇ ಗಸ್ತು ಹಾಕಿ. ಮೊದಲ ತಿಂಗಳು ದಂಡವೂ ಬೇಡ, ನಿಲ್ಲಿಸಿ ಹೇಳಿ ಕಳಿಸಿ.

ರಸ್ತೆಯ ಮೇಲೆ ಅಂತರದ ಗುರುತು ಹಾಕಿಸಿ. ಬ್ರಿಟನ್ನಿನ ಕೆಲವು ಮೋಟಾರ್‌ವೇಗಳಲ್ಲಿ ಬಾಣದ ತುದಿಯಂಥ ಬಿಳಿ ಗುರುತು ಬಳಿದಿರುತ್ತಾರೆ, ಮುಂದಿನ ಗಾಡಿಗೂ ನಿಮಗೂ ನಡುವೆ ಎರಡು ಗುರುತು ಇರಲಿ ಅಂತ ಬೋರ್ಡ್ ಹಾಕಿರುತ್ತಾರೆ. ಅಕ್ಷರ ಬಾರದವರಿಗೂ ಅದು ಅರ್ಥವಾಗುತ್ತದೆ. ಕುಡತಿನಿಯ ಎರಡೂ ಕಡೆ ನೆಟ್ಟಗಿರುವ ರಸ್ತೆಯಲ್ಲಿ ಒಂದೊಂದು ಕಿಲೋಮೀಟರ್ ಬಳಿದು ನೋಡಿ.

ಲೈಸೆನ್ಸ್ ಪರೀಕ್ಷೆಗೆ ಹೋದಾಗ ನನ್ನ ಕೈಲಿ ಎಂಟು ಹಾಕಿಸಿದರು, ರಿವರ್ಸ್ ತೆಗೆಸಿದರು. ಮುಂದಿನ ಗಾಡಿಯಿಂದ ಎಷ್ಟು ದೂರ ಇರಬೇಕು ಅಂತ ಯಾರೂ ಕೇಳಲಿಲ್ಲ. ಡ್ರೈವಿಂಗ್ ಕಲಿಸಿದವರೂ ಹೇಳಿಕೊಡಲಿಲ್ಲ. ಲಾರಿಗಳ ಹಿಂದೆ ಮಾತ್ರ ‘ಅಂತರ ಕಾಪಾಡಿ’ ಅಂತ ದೊಡ್ಡದಾಗಿ ಬರೆದಿರುತ್ತದೆ. ಆ ಅಕ್ಷರದ ಮೇಲೂ ಅದಿರಿನ ಧೂಳು ಕೂತಿರುತ್ತದೆ. ಹಿಂದಿನ ದೀಪದ ಮೇಲೂ, ಕೆಂಪು ರಿಫ್ಲೆಕ್ಟರ್ ಪಟ್ಟಿಯ ಮೇಲೂ. ಲೋಡಿಂಗ್ ಯಾರ್ಡಿನಿಂದ ಗಾಡಿ ಹೊರಬೀಳುವ ಗೇಟಿನಲ್ಲೇ ಒಂದು ಬಕೆಟ್ ನೀರು, ಒಂದು ಬಟ್ಟೆ ಇಡಲು ಗಣಿ ಮತ್ತು ಕಾರ್ಖಾನೆಯವರಿಗೆ ಹೇಳಿ. ದೀಪ ಒರೆಸದೆ ಗಾಡಿ ಹೊರಗೆ ಬಿಡದಿರಲಿ. ಟ್ರಿಪ್ಪಿನ ಅವಸರದ ಮಾತನ್ನೂ ಅವರ ಜೊತೆಯೇ ಕೂತು ಮಾತಾಡಬೇಕು. ಡ್ರೈವರನ್ನು ಮಾತ್ರ ಹಿಡಿದರೆ ಅದು ಅರ್ಧ ಕೆಲಸ.

ಕೊನೆಯದಾಗಿ, ಕುರಿ ದಾಟುವ ಆ ಜಾಗ. ಅಲ್ಲಿ ಹಿಂಡು ದಿನಾ ದಾಟುತ್ತದೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ದಾಟುತ್ತದೆ ಅಂತ ಹೇಳುವ ಒಂದು ಬೋರ್ಡೂ ಇಲ್ಲ. ಎರಡೂ ಕಡೆಯಿಂದ 200 ಮೀಟರ್ ಮೊದಲೇ ಒಂದೊಂದು ಬೋರ್ಡ್ ಬೇಕು. ಎಲ್ಲಿ ನೆಡಬೇಕು ಅಂತ ನಮ್ಮ ಮಕ್ಕಳು ಟೇಪು ಹಿಡಿದು ಅಳೆದಿದ್ದಾರೆ, ರಸ್ತೆ ಬದಿಯ ಕಲ್ಲಿಗೆ ಸುಣ್ಣ ಹಚ್ಚಿ ಗುರುತು ಮಾಡಿದ್ದಾರೆ. ನಿಮ್ಮ ಇಲಾಖೆಯವರು ಯಾವ ದಿನ ಬರುತ್ತಾರೆ ಅಂತ ತಿಳಿಸಿದರೆ ಸಾಕು. ನಾನೂ ಬರುತ್ತೇನೆ, ಕುರಿ ಕಾಯುವ ಅಜ್ಜನನ್ನೂ ಕರಕೊಂಡು ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕಿ
ಬಳ್ಳಾರಿ